ಯುದ್ಧಭೂಮಿಯಿಂದ ಮನೆಗೆ: ಮಾಜಿ ಸೈನಿಕರ ಪತ್ನಿಯರಿಗೊಂದು ಮಾರ್ಗದರ್ಶಿ

ಸಿಪಾಯಿಯಾಗಿ ಸೇನೆಗೆ ಸೇರಿದವರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಪೆನ್ಷನ್ ಪಡೆದು ಊರಿಗೆ ಮರಳುವುದರಿಂದ, ಅವರ ದಾಂಪತ್ಯದ ದೀರ್ಘ ಭಾಗ ಆರಂಭವಾಗುವುದೇ ನಿವೃತ್ತಿಯ ನಂತರ. ಅಲ್ಲಿಯವರೆಗೆ ವರ್ಷಕ್ಕೆ ಎರಡು-ಮೂರು ತಿಂಗಳ ರಜೆಯಲ್ಲಿ ಮಾತ್ರ ಗಂಡನನ್ನು ಕಂಡಿದ್ದ ಹೆಂಡತಿ ಮಕ್ಕಳ ಶಾಲೆ, ಅತ್ತೆ-ಮಾವನ ಆರೈಕೆ, ಹೊಲದ ಲಾವಣಿ, ಸೊಸೈಟಿಯ ಸಾಲ ಎಲ್ಲವನ್ನೂ ಒಬ್ಬಳೇ ನಿಭಾಯಿಸಿರುತ್ತಾಳೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಹಾಸನ, ಕೊಡಗು ಜಿಲ್ಲೆಗಳ ಸಾವಿರಾರು ಮನೆಗಳ ಕಥೆ ಇದು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯಲ್ಲಿದ್ದವರು, 1999ರಲ್ಲಿ ಕಾರ್ಗಿಲ್‌ನ ಬೆಟ್ಟಗಳನ್ನು ಹತ್ತಿದವರು, ಕಾಶ್ಮೀರ ಕಣಿವೆಯ ಶೋಧ ಕಾರ್ಯಾಚರಣೆಗಳಲ್ಲಿ ವರ್ಷಗಟ್ಟಲೆ ಕಳೆದವರು, ಸಿಯಾಚಿನ್‌ನಲ್ಲಿ ಕಾವಲು ಕಾದವರು ಈ ಮನೆಗಳಲ್ಲಿದ್ದಾರೆ. ಗುಂಡು ಹಾರಿಸಿದವರಿಗೆ ಮಾತ್ರ ಮನಸ್ಸು ಗಾಯಗೊಳ್ಳುತ್ತದೆ ಎಂದು ಭಾವಿಸಬಾರದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಪಾತದಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೂ ಸೇರಿದಂತೆ ಹತ್ತು ಮಂದಿ ಮಡಿದಾಗ, ದಿನಗಟ್ಟಲೆ ಹಿಮ ಅಗೆದು ಸಂಗಾತಿಗಳ ದೇಹಗಳನ್ನು ಹೊರತೆಗೆದವರೂ ಸೈನಿಕರೇ ಆಗಿದ್ದರು.

ಮನೆಗೆ ಬಂದ ಗಂಡ ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಸಣ್ಣ ಮಾತಿಗೂ ಸಿಡಿಯುತ್ತಿದ್ದರೆ, ಮಕ್ಕಳ ಜೊತೆಯೂ ಬೆರೆಯದೆ ಒಬ್ಬರೇ ಕೂರುತ್ತಿದ್ದರೆ, ಹಿರಿಯರು ಹೆಂಡತಿಗೆ ಹೇಳುವುದು ಒಂದೇ ಮಾತು: "ಮಿಲಿಟರಿಯಲ್ಲಿದ್ದವನು, ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ." ಕಾಳಜಿಯಿಂದಲೇ ಬಂದ ಮಾತಾದರೂ, ಆಘಾತ ಮನಸ್ಸಿನಲ್ಲಿ ಉಳಿಸುವ ಪಿಟಿಎಸ್‌ಡಿ ಎಂಬ ಕಾಯಿಲೆಯ ವಿಷಯದಲ್ಲಿ ಇದಕ್ಕಿಂತ ಹಾನಿಕರ ಸಲಹೆ ಇನ್ನೊಂದಿಲ್ಲ. ಇಡೀ ಮನೆ ಒಬ್ಬರ ಭಯಕ್ಕೆ ತಕ್ಕಂತೆ ಬದಲಾಗುತ್ತಾ ಹೋದಂತೆ ಆ ಭಯ ಬಲಿಯುತ್ತದೆ, ದಾಂಪತ್ಯ ಸೊರಗುತ್ತದೆ. ಅನುಸರಿಸುವುದನ್ನು ಎಲ್ಲಿ ನಿಲ್ಲಿಸಬೇಕು, ಅದರ ಬದಲು ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

1. ಕಾಯಿಲೆಯೇ, ನಿವೃತ್ತಿಯ ಕಸಿವಿಸಿಯೇ?

ನಿವೃತ್ತಿಯ ನಂತರದ ಎಲ್ಲ ಜಗಳವೂ ಕಾಯಿಲೆಯಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರನ್ನೂ ಎಬ್ಬಿಸುವುದು, ಹಾಸಿಗೆಯ ಹೊದಿಕೆ ಮಡಚಿದ ರೀತಿಗೆ ತಕರಾರು ತೆಗೆಯುವುದು, ಮಕ್ಕಳಿಗೆ ಆರ್ಡರ್ ಕೊಡುವುದು, ಇಷ್ಟು ವರ್ಷ ನೀವು ನಡೆಸಿಕೊಂಡು ಬಂದ ಲೆಕ್ಕಪತ್ರದಲ್ಲಿ ಕೈ ಹಾಕುವುದು ಇವೆಲ್ಲ ಪಲ್ಟನ್ನಿನ ಅಭ್ಯಾಸಗಳು. ಯಾರು ಯಾವ ಕೆಲಸ ನೋಡಿಕೊಳ್ಳಬೇಕೆಂದು ಕುಳಿತು ಮಾತಾಡಿದರೆ ಆರೆಂಟು ತಿಂಗಳಲ್ಲಿ ಇವು ಬಹುಮಟ್ಟಿಗೆ ತಹಬಂದಿಗೆ ಬರುತ್ತವೆ.

ವೈದ್ಯರು ಪಿಟಿಎಸ್‌ಡಿ ಎಂದು ಕರೆಯುವ, ಆಘಾತದ ನಂತರ ಉಳಿದುಕೊಳ್ಳುವ ಒತ್ತಡದ ಕಾಯಿಲೆಯ ಲಕ್ಷಣಗಳು ನಾಲ್ಕು ಬಗೆಯವು. ಮೊದಲನೆಯದಾಗಿ, ನಡೆದ ಘಟನೆ ದುಃಸ್ವಪ್ನವಾಗಿ ಅಥವಾ ಎಚ್ಚರದಲ್ಲೇ ಕಣ್ಣೆದುರು ಮರುಕಳಿಸುತ್ತದೆ. ಡೀಸೆಲ್ ವಾಸನೆಯೋ ಕುಕ್ಕರ್ ಸೀಟಿಯೋ ಅದನ್ನು ಕೆರಳಿಸಲು ಸಾಕು. ಎರಡನೆಯದು, ಅದನ್ನು ನೆನಪಿಸುವ ಜನ, ಜಾಗ, ಮಾತುಗಳಿಂದ ದೂರ ಸರಿಯುವುದು. ಮೂರನೆಯದು, ಸದಾ ಎಚ್ಚರದ ಸ್ಥಿತಿ: ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿಯೇ ಕೂರುವುದು, ರಾತ್ರಿ ಎರಡು-ಮೂರು ಬಾರಿ ಎದ್ದು ಚಿಲಕ ನೋಡಿ ಬರುವುದು, ತಟ್ಟೆ ಬಿದ್ದ ಸದ್ದಿಗೆ ಮೈ ಸೆಟೆದು ಬೆವರುವುದು. ನಾಲ್ಕನೆಯದು ಹೊರಗಿನವರಿಗೆ ಕಾಣುವುದೇ ಇಲ್ಲ, ಆದರೆ ದಾಂಪತ್ಯವನ್ನು ಅತಿ ಹೆಚ್ಚು ಹಿಂಡುವುದು ಅದೇ. ಸಂತೋಷ, ಪ್ರೀತಿ, ದುಃಖ ಯಾವುದೂ ತಟ್ಟದಂತೆ ಮನಸ್ಸು ಮರಗಟ್ಟಿರುತ್ತದೆ. ಬದುಕಿ ಬಂದದ್ದೇ ತಪ್ಪು ಎಂಬ ಅಪರಾಧಿ ಭಾವ ಒಳಗೆ ಕೊರೆಯುತ್ತಿರುತ್ತದೆ. ಮಗಳ ನಿಶ್ಚಿತಾರ್ಥದ ದಿನವೂ ಅಪ್ಪನ ಮುಖದಲ್ಲಿ ಒಂದು ನಗು ಕಾಣದಿದ್ದಾಗ ಹೆಂಡತಿ ಅದನ್ನು ತನ್ನ ಮೇಲಿನ, ಸಂಸಾರದ ಮೇಲಿನ ತಾತ್ಸಾರವೆಂದು ತಿಳಿಯುವುದು ಸಹಜ. ಅದು ತಾತ್ಸಾರವಲ್ಲ, ಕಾಯಿಲೆಯ ಲಕ್ಷಣವಾಗಿರಬಹುದು ಎಂಬ ಅರಿವಷ್ಟೇ ಕೆಲವು ಮನೆಗಳಲ್ಲಿ ಅರ್ಧ ಕಹಿಯನ್ನು ಕಳೆಯುತ್ತದೆ.

ಇಂಥ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು ಸಂಸಾರಕ್ಕೆ, ದುಡಿಮೆಗೆ ಅಡ್ಡಿಯಾಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ಘಟನೆ ನಡೆದು ವರ್ಷಗಳ ನಂತರ, ಕೆಲಸದ ಗದ್ದಲವೆಲ್ಲ ನಿಂತ ಮೇಲೆ ಲಕ್ಷಣಗಳು ಪೂರ್ಣವಾಗಿ ಕಾಣಿಸಿಕೊಳ್ಳುವುದೂ ಉಂಟು. ಆದ್ದರಿಂದ "ಕಾರ್ಗಿಲ್ ಮುಗಿದು ಎಷ್ಟು ಕಾಲವಾಯಿತು" ಎಂಬ ವಾದಕ್ಕೆ ಬೆಲೆ ಕೊಡಬೇಡಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಎರಡು ವಾರ ನಾಲ್ಕು ವಿಷಯ ಬರೆದಿಡಿ: ಎಷ್ಟು ಗಂಟೆ ನಿದ್ದೆ ಬಂತು, ಎಷ್ಟು ಬಾರಿ ಬೆಚ್ಚಿ ಎದ್ದರು, ಸಿಟ್ಟು ಏರುವ ಮುನ್ನ ಏನು ನಡೆದಿತ್ತು, ಎಷ್ಟು ಕುಡಿದರು. ಸಾಧ್ಯವಾದರೆ ಅವರಿಗೆ ತಿಳಿಸಿಯೇ ಬರೆಯಿರಿ, ಗುಟ್ಟಾಗಿ ಬರೆದದ್ದು ಸಿಕ್ಕಿಬಿದ್ದರೆ ನಂಬಿಕೆ ಮುರಿಯುತ್ತದೆ. ವೈದ್ಯರ ಮುಂದೆ "ತುಂಬಾ ಸಿಟ್ಟು ಮಾಡ್ತಾರೆ" ಎಂಬ ಒಂದು ಸಾಲಿಗಿಂತ ಈ ಎರಡು ಪುಟ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸ್ಫೋಟದಲ್ಲಿ ತಲೆಗೆ ಬಿದ್ದ ಪೆಟ್ಟು, ಕಿವಿ ಮಂದವಾಗಿರುವುದು, ಗೊರಕೆಯೊಡನೆ ಉಸಿರು ನಿಂತು ನಿದ್ದೆ ಕೆಡುವುದು, ಥೈರಾಯ್ಡ್ ತೊಂದರೆ ಇವೂ ಸಿಡುಕು-ಮರೆವುಗಳಿಗೆ ಕಾರಣವಾಗುವುದರಿಂದ ದೇಹದ ತಪಾಸಣೆಯೂ ಜೊತೆಯಲ್ಲೇ ನಡೆಯಲಿ.

2. ಎಲ್ಲಕ್ಕಿಂತ ಮೊದಲು ಜೀವಕ್ಕೆ ಭದ್ರತೆ

ಪಿಟಿಎಸ್‌ಡಿ ಇರುವ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ. ಆದರೆ ನಿಮ್ಮ ಮನೆಯಲ್ಲಿ ಹೊಡೆತ, ಕತ್ತು ಹಿಸುಕುವುದು, ಕೊಲ್ಲುವ ಬೆದರಿಕೆ ನಡೆಯುತ್ತಿದ್ದರೆ ಚಿಕಿತ್ಸೆಯ ಮಾತು ಆಮೇಲೆ. ಮೊದಲು ನೀವು ಮತ್ತು ಮಕ್ಕಳು ಸುರಕ್ಷಿತವಾಗಿರಬೇಕು. ದೇಶಕ್ಕಾಗಿ ಹೋರಾಡಿದವರು ಎಂಬ ಕಾರಣಕ್ಕೆ ಪೆಟ್ಟು ತಿನ್ನುವ ಕರ್ತವ್ಯ ಯಾವ ಹೆಂಡತಿಗೂ ಇಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನಮ್ಮ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳಾಗಿದ್ದು, ದೂರು ದಾಖಲಿಸಲು ವಕೀಲರ ಅಗತ್ಯವಿಲ್ಲ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಆ ಕಚೇರಿಯ ದಾರಿ ಗೊತ್ತಾಗುತ್ತದೆ.

ಕೊಡಗಿನ ಮನೆಗಳಲ್ಲಿ ಕೋವಿ ಇರುವುದು ಸಾಮಾನ್ಯ. ಬೇರೆ ಜಿಲ್ಲೆಗಳಲ್ಲೂ ಬ್ಯಾಂಕಿನ ಗನ್‌ಮ್ಯಾನ್ ಕೆಲಸಕ್ಕೆಂದು ಪರವಾನಗಿ ಪಡೆದ ಮಾಜಿ ಸೈನಿಕರು ಬಹಳ. ಸಾವಿನ ಮಾತು, ವಿಪರೀತ ಕುಡಿತ ಅಥವಾ ಕೈ ಮೀರಿದ ಸಿಟ್ಟು ಕಾಣಿಸಿಕೊಂಡ ದಿನಗಳಲ್ಲಿ ಬಂದೂಕು ಮನೆಯಲ್ಲಿ ಇರಕೂಡದು. ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಡುವಂತೆಯೇ ಈಗಲೂ ಇಡಬಹುದೇ ಎಂದು ವಿಚಾರಿಸಿ. ಅವರ ಹಳೆಯ ಯೂನಿಟ್‌ನ ಗೆಳೆಯರೊಬ್ಬರ ಬಾಯಿಂದ ಈ ಸಲಹೆ ಬಂದರೆ ಮನೆಯವರು ಹೇಳಿದ್ದಕ್ಕಿಂತ ಬೇಗ ಒಪ್ಪುತ್ತಾರೆ.

"ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ವಿಷಯ ಬದಲಿಸಬೇಡಿ. "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ, ಹಗಲು-ರಾತ್ರಿ ಉಚಿತವಾಗಿ ಕನ್ನಡದಲ್ಲೂ ಮಾತನಾಡುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಮುಚ್ಚಿಡುವುದು ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ.

3. ರಾತ್ರಿಯ ನಿಯಮಗಳು

ದುಃಸ್ವಪ್ನದಲ್ಲಿ ಕೂಗುತ್ತಿರುವ ಗಂಡನನ್ನು ಭುಜ ಹಿಡಿದು ಅಲುಗಿಸಿ ಎಬ್ಬಿಸಬೇಡಿ, ಮುಖದ ಹತ್ತಿರ ಬಾಗಬೇಡಿ. ಅರೆನಿದ್ದೆಯಲ್ಲಿ ಅವರ ಕೈ ನಿಮ್ಮನ್ನು ಶತ್ರುವೆಂದೇ ತಿಳಿದು ಬೀಸಬಹುದು. ಹಾಸಿಗೆಯಿಂದ ಎದ್ದು ಕಾಲಿನ ಬದಿಯಲ್ಲಿ ಕೈಗೆಟುಕದಷ್ಟು ದೂರ ನಿಂತು, ದೀಪ ಹಾಕಿ, ಸಮಾಧಾನದ ದನಿಯಲ್ಲಿ ಕರೆದು ಎಬ್ಬಿಸಿ, ಊರಿನ ಹೆಸರನ್ನೂ ನಿಮ್ಮ ಹೆಸರನ್ನೂ ಹೇಳಿ: "ನಾವು ಮನೇಲಿದ್ದೀವಿ, ನಾನೇ ಇರೋದು." ಕಣ್ಣು ತೆರೆದು ನಿಮ್ಮನ್ನು ಗುರುತಿಸಿದ ಮೇಲೆ ಮಾತ್ರ ಹತ್ತಿರ ಹೋಗಿ, ಕುಡಿಯಲು ನೀರು ಕೊಡಿ, ಕಾಲನ್ನು ತಣ್ಣನೆಯ ನೆಲಕ್ಕೆ ಊರಿ ಕೂರಲು ಹೇಳಿ. ಏನು ಕನಸು ಎಂದು ಆಗಲೇ ಕೇಳುವ ಅಗತ್ಯವಿಲ್ಲ. ನಿದ್ದೆಯಲ್ಲಿ ಪೆಟ್ಟು ಬೀಳುವ ಅಪಾಯವಿದ್ದರೆ, ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ಬೇರೆ ಮಂಚದಲ್ಲಿ ಮಲಗುವುದು ದಾಂಪತ್ಯದ ಸೋಲೇನಲ್ಲ. ಸಣ್ಣ ಮಕ್ಕಳನ್ನಂತೂ ಅವರ ಪಕ್ಕದಲ್ಲಿ ಮಲಗಿಸಬೇಡಿ.

4. ಮಾತು ಎತ್ತುವುದು ಹೇಗೆ

ಸೇವೆಯಲ್ಲಿದ್ದಾಗ ಸೈನಿಕನ ವೈದ್ಯಕೀಯ ವರ್ಗೀಕರಣದ ಐದು ಅಂಶಗಳಲ್ಲಿ ಮೊದಲನೆಯದೇ ಮನಸ್ಸಿನ ಸ್ಥಿತಿ. ಅದರಲ್ಲಿ ದರ್ಜೆ ಇಳಿದರೆ ಬಡ್ತಿ, ಒಳ್ಳೆಯ ಪೋಸ್ಟಿಂಗ್ ಎಲ್ಲಕ್ಕೂ ಕುತ್ತು ಎಂದು ಹತ್ತಾರು ವರ್ಷ ಹೆದರಿ ಬಾಯಿ ಮುಚ್ಚಿಕೊಂಡವರು ಮನೆಗೆ ಬಂದ ಮೇಲೂ ಅದೇ ಭಯದಲ್ಲಿರುತ್ತಾರೆ. ಮನೋವೈದ್ಯರನ್ನು ಕಂಡ ಮಾತ್ರಕ್ಕೆ ಸೇವಾ ಪೆನ್ಷನ್ ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಿ. ಬಂದೂಕಿನ ಪರವಾನಗಿಯ ಮಟ್ಟಿಗೆ ಪ್ರಶ್ನೆ ಏಳಬಹುದು, ಅದನ್ನು ಮುಚ್ಚಿಡುವುದೂ ಸರಿಯಲ್ಲ.

ಜಗಳದ ಬಿಸಿಯಲ್ಲಿ, ಕುಡಿದಿರುವಾಗ, ಅತ್ತೆ-ಮಾವನ ಎದುರಿಗೆ ಈ ವಿಷಯ ತೆಗೆಯಬೇಡಿ. ಬೆಳಗಿನ ಕಾಫಿಯ ಹೊತ್ತು ಅಥವಾ ಇಬ್ಬರೇ ತೋಟಕ್ಕೆ ನಡೆದು ಹೋಗುವ ಸಮಯ ಒಳ್ಳೆಯದು. ಮುಖಕ್ಕೆ ಮುಖ ಕೊಟ್ಟು ಕೂರುವುದಕ್ಕಿಂತ ಜೊತೆಯಲ್ಲಿ ನಡೆಯುತ್ತಾ ಮಾತನಾಡುವುದು ಇಂಥವರಿಗೆ ಸುಲಭ. ಮನಸ್ಸಿನ ಕಾಯಿಲೆಯಿಂದಲ್ಲ, ನಿದ್ದೆಯಿಂದ ಆರಂಭಿಸಿ. "ರೀ, ನೀವು ರಾತ್ರಿ ಸರಿಯಾಗಿ ಮಲಗಿದ್ದನ್ನ ನೋಡಿ ಎಷ್ಟು ದಿನ ಆಯ್ತು. ನನಗೂ ನಿದ್ದೆ ಇಲ್ಲ. ಮುಂದಿನ ವಾರ ಬಿಪಿ ತೋರಿಸೋಕೆ ಪಾಲಿಕ್ಲಿನಿಕ್‌ಗೆ ಹೋಗ್ತೀವಲ್ಲ, ಆಗ ನಿದ್ದೆ ವಿಷಯಾನೂ ಡಾಕ್ಟರ್ ಹತ್ರ ಹೇಳೋಣ" ಎಂಬ ಮಾತಿಗೆ ಒಪ್ಪುವವರು "ನಿಮಗೆ ತಲೆ ಕೆಟ್ಟಿದೆ, ತೋರಿಸಿಕೊಳ್ಳಿ" ಎಂದರೆ ಎದ್ದು ಹೋಗುತ್ತಾರೆ. ಒಂದೇ ಸಲಕ್ಕೆ ಒಪ್ಪದಿದ್ದರೆ ವಾರ ಬಿಟ್ಟು ಮತ್ತೆ ಕೇಳಿ.

ಯುದ್ಧದ ವಿವರಗಳನ್ನು ಕೆದಕಿ ಕೇಳಬೇಡಿ. "ಎಷ್ಟು ಜನರನ್ನು ಹೊಡೆದೆ ಮಾವ?" ಎಂದು ಹುಮ್ಮಸ್ಸಿನಿಂದ ಕೇಳುವ ಸೋದರಳಿಯಂದಿರನ್ನು ನೀವೇ ತಡೆಯಿರಿ. ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ಶಾಲೆಗೋ ಸಂಘಕ್ಕೋ ಕರೆದು ಶಾಲು ಹೊದಿಸಿ, ಮೈಕು ಕೈಗಿತ್ತು, ಗೆಳೆಯ ಪಕ್ಕದಲ್ಲೇ ಸತ್ತ ಕಥೆಯನ್ನು ಮಕ್ಕಳೆದುರು ಹೇಳಿಸುವ ನಮ್ಮ ಸನ್ಮಾನದ ಪದ್ಧತಿಯ ಬಗ್ಗೆ ನನಗೆ ಗಂಭೀರ ತಕರಾರಿದೆ. ಚಪ್ಪಾಳೆ ಮುಗಿದ ಮೇಲೆ ಆ ರಾತ್ರಿಯನ್ನು ಕಳೆಯಬೇಕಾದವರು ಅವರು ಮತ್ತು ನೀವು. ಹೋಗುವುದು-ಬಿಡುವುದು ಅವರ ಇಷ್ಟ; ಹೋದರೂ ಭಾಷಣ ಬೇಡ, ಧ್ವಜಾರೋಹಣ ಸಾಕು ಎಂದು ಸಂಘಟಕರಿಗೆ ಮೊದಲೇ ಹೇಳಬಹುದು.

5. ಎಲ್ಲಿಗೆ ಹೋಗಬೇಕು

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ 2003ರಿಂದ ಜಾರಿಯಲ್ಲಿದ್ದು ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರು, ಮಡಿಕೇರಿ ಮುಂತಾದೆಡೆ ಅದರ ಪಾಲಿಕ್ಲಿನಿಕ್‌ಗಳಿವೆ. ಅಲ್ಲಿನ ವೈದ್ಯರಿಂದ ಮನೋವೈದ್ಯರಿಗೆ ರೆಫರಲ್ ಪಡೆಯಿರಿ. ಕಾರ್ಡು ನಿಮ್ಮ ಹೆಸರಿನಲ್ಲೂ ಇರುವುದರಿಂದ ನಿಮ್ಮ ನಿದ್ರಾಹೀನತೆಗೆ, ಖಿನ್ನತೆಗೆ ನೀವೂ ಅಲ್ಲೇ ಚಿಕಿತ್ಸೆ ಪಡೆಯಬಹುದು. ಈ ಸೌಲಭ್ಯವನ್ನು ಪತ್ನಿಯರು ಬಳಸಿಕೊಳ್ಳುವುದೇ ಕಡಿಮೆ. ಪಾಲಿಕ್ಲಿನಿಕ್ ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಊರಿನವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಟೆಲಿ ಮನಸ್‌ನಿಂದಲೇ ಆರಂಭಿಸಿ. ಸಶಸ್ತ್ರ ಪಡೆಗಳವರಿಗಾಗಿ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಘಟಕವೂ ಶುರುವಾಗಿದೆ. ಮನೆದೇವರಿಗೆ ಹರಕೆ ಹೊರುವವರನ್ನು ತಡೆಯಬೇಕಿಲ್ಲ, ಆದರೆ ಮಾತ್ರೆ ನಿಲ್ಲಿಸಿ ಎನ್ನುವ ಮಂತ್ರವಾದಿಯನ್ನು ಹೊಸಿಲ ಆಚೆಗೇ ನಿಲ್ಲಿಸಿ.

6. ಚಿಕಿತ್ಸೆಯಲ್ಲಿ ಏನು ನಡೆಯುತ್ತದೆ

ಈ ಕಾಯಿಲೆಗೆ ಹೆಚ್ಚು ಫಲ ಕೊಡುವುದು ಆಘಾತವನ್ನೇ ನೇರವಾಗಿ ಎದುರಿಸುವ ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ 8ರಿಂದ 15 ಭೇಟಿಗಳಲ್ಲಿ ನಡೆಯುವ ಈ ಚಿಕಿತ್ಸೆಯಲ್ಲಿ, ತಪ್ಪಿಸಿಕೊಂಡು ಬಂದ ನೆನಪನ್ನು ತಜ್ಞರ ಜೊತೆ ಹಂತ ಹಂತವಾಗಿ ಹೇಳಿಕೊಳ್ಳಬೇಕಾಗುತ್ತದೆ. ಆದ್ದರಿಂದ ಆರಂಭದ ವಾರಗಳಲ್ಲಿ ಕನಸು, ಸಿಡುಕು ಕೊಂಚ ಹೆಚ್ಚಿದಂತೆ ಕಾಣಬಹುದು. ಚಿಕಿತ್ಸೆ ಬಿಟ್ಟು ಓಡುವವರು ಹೆಚ್ಚಾಗಿ ಓಡುವುದು ಇಲ್ಲೇ. ಇದನ್ನು ಮೊದಲೇ ತಿಳಿದಿದ್ದರೆ ನೀವು ಗಾಬರಿಯಾಗದೆ ಇನ್ನೊಂದು ಭೇಟಿಗೆ ಜೊತೆಯಾಗಬಹುದು. ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ನಡೆಸುವ ಚಿಕಿತ್ಸಾ ಕ್ರಮವೂ ಇದೆ, ಕೇಳಿ ನೋಡಿ.

ಸರ್ಟ್ರಲೀನ್, ಪ್ಯಾರಾಕ್ಸೆಟೀನ್‌ನಂಥ ಮಾತ್ರೆಗಳ ಪರಿಣಾಮ ಕಾಣಲು ನಾಲ್ಕಾರು ವಾರ ಬೇಕು, ದಿಢೀರನೆ ನಿಲ್ಲಿಸಬಾರದು. ಇವು ಲೈಂಗಿಕ ಆಸಕ್ತಿಯನ್ನು ತಗ್ಗಿಸಬಹುದು, ಕಾಯಿಲೆಯೂ ಅದನ್ನೇ ಮಾಡುತ್ತದೆ. ಈ ಕಾರಣ ಗೊತ್ತಿಲ್ಲದೆ "ನನ್ನನ್ನು ಕಂಡರೆ ಆಗುವುದಿಲ್ಲ" ಎಂದು ಕೊರಗುವ ಹೆಂಡತಿಯರು, "ನನ್ನ ಗಂಡಸುತನವೇ ಹೋಯಿತು" ಎಂದು ಹೇಳದೇ ಮಾತ್ರೆ ಬಿಟ್ಟುಬಿಡುವ ಗಂಡಂದಿರು ಇಬ್ಬರೂ ಇದ್ದಾರೆ. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.

ಮೆಡಿಕಲ್ ಸ್ಟೋರಿನಿಂದ ಹೇಗೋ ತರುವ ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್‌ನಂಥ ನಿದ್ದೆ ಮಾತ್ರೆಗಳು ಈ ಕಾಯಿಲೆಗೆ ಮದ್ದಲ್ಲ. ಚಟ ಹಿಡಿಸುತ್ತವೆ, ರಮ್ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸುತ್ತವೆ. ಮಿಲಿಟರಿ ಕ್ಯಾಂಟೀನಿನ ತಿಂಗಳ ಕೋಟಾ ಎಷ್ಟೋ ಮನೆಗಳಲ್ಲಿ ನಿದ್ದೆಯ ಔಷಧಿಯಾಗಿಯೇ ಬಳಕೆಯಾಗುತ್ತಿದೆ. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ನಡುರಾತ್ರಿಯ ನಂತರ ಅದೇ ನಿದ್ದೆಯನ್ನು ಒಡೆಯುತ್ತದೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿರುವುದರಿಂದ ಬಾಟಲಿ ಒಡೆದು ಹಾಕುವ ಸಾಹಸ ಬೇಡ, ಅದನ್ನೂ ವೈದ್ಯರ ನಿಗಾದಲ್ಲೇ ಮಾಡಿಸಿ.

7. ಅನುಸರಿಸುವುದನ್ನು ಕಡಿಮೆ ಮಾಡುವುದು

ಅತಿ ಕಷ್ಟದ ಹೆಜ್ಜೆ ಇದು. ಕುಕ್ಕರ್ ಸೀಟಿಗೆ ಗಂಡ ಬೆಚ್ಚುತ್ತಾರೆಂದು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸತೊಡಗಿದ ಹೆಂಡತಿಯನ್ನು ನೆನೆಸಿಕೊಳ್ಳಿ. ಆಮೇಲೆ ಮಕ್ಕಳಿಗೆ ಮನೆಯಲ್ಲಿ ಆಡಬೇಡಿ ಎನ್ನುತ್ತಾಳೆ, ಮದುವೆ-ಮುಂಜಿಗಳಿಗೆ ಒಬ್ಬಳೇ ಹೋಗಿ "ಅವರಿಗೆ ಹುಷಾರಿಲ್ಲ" ಎನ್ನುತ್ತಾಳೆ, ತವರಿನವರು ಬರುವುದು ಬೇಡ ಎನ್ನುತ್ತಾಳೆ, ಕೊನೆಗೆ ಸಂತೆಗೂ ಬ್ಯಾಂಕಿಗೂ ತಾನೇ ಓಡಾಡುತ್ತಾಳೆ. ಒಂದೊಂದೂ ಪ್ರೀತಿಯಿಂದಲೇ ಇಟ್ಟ ಹೆಜ್ಜೆ, ಆದರೆ ಎಲ್ಲ ಸೇರಿ ಅವರಿಗೆ ಹೇಳುವುದು ಒಂದನ್ನೇ: ಹೊರಗೆ ನಿಜಕ್ಕೂ ಅಪಾಯವಿದೆ. ತಪ್ಪಿಸಿಕೊಂಡಾಗಲೆಲ್ಲ ಸಿಗುವ ತಾತ್ಕಾಲಿಕ ನಿರಾಳವೇ ಭಯವನ್ನು ಸಾಕುತ್ತದೆ, ಇತ್ತ ಹೆಂಡತಿಯೊಳಗೆ ಹೇಳಿಕೊಳ್ಳಲಾಗದ ಸಿಟ್ಟು ಮಡುಗಟ್ಟುತ್ತದೆ.

ಹಾಗೆಂದು ಎಲ್ಲ ಹೊಂದಾಣಿಕೆಯೂ ತಪ್ಪಲ್ಲ. ಅವರು ಮನೆಯ ಬದುಕಿನಲ್ಲಿ ಭಾಗವಹಿಸಲು ನೆರವಾಗುವುದನ್ನು ಉಳಿಸಿಕೊಳ್ಳಿ, ದೂರ ಸರಿಯಲು ನೆರವಾಗುವುದನ್ನು ನಿಧಾನವಾಗಿ ಕೈಬಿಡಿ. ನೆಂಟರು ಬರುವುದನ್ನು ಮುಂಚಿತವಾಗಿ ತಿಳಿಸುವುದು, ಕಲ್ಯಾಣ ಮಂಟಪದಲ್ಲಿ ಬಾಗಿಲ ಹತ್ತಿರದ ಸಾಲಿನಲ್ಲಿ ಕೂರುವುದು, ದೀಪಾವಳಿಯಲ್ಲಿ ಪಕ್ಕದ ಮನೆಯವರು ಯಾವ ಹೊತ್ತಿಗೆ ಪಟಾಕಿ ಹೊಡೆಯುತ್ತಾರೆಂದು ಕೇಳಿ ಹೇಳುವುದು ಮೊದಲ ಬಗೆಯವು. ಸುಳ್ಳು ನೆಪ ಹೇಳುವುದು, ಅವರ ಪಾಲಿನ ಕೆಲಸಗಳನ್ನೆಲ್ಲ ಹೊತ್ತುಕೊಳ್ಳುವುದು ಎರಡನೆಯ ಬಗೆಯವು.

ಕೈಬಿಡುವುದನ್ನು ಒಮ್ಮೆಲೇ, ಹೇಳದೆ ಮಾಡಬೇಡಿ, ಶಿಕ್ಷೆಯಂತೆ ತೋರುತ್ತದೆ. ಇಬ್ಬರೂ ಕುಳಿತು, ಸಾಧ್ಯವಿದ್ದರೆ ಚಿಕಿತ್ಸಕರ ಎದುರಿಗೇ, ಅವರು ತಪ್ಪಿಸಿಕೊಳ್ಳುತ್ತಿರುವ ಸಂದರ್ಭಗಳನ್ನು ಕಡಿಮೆ ಕಷ್ಟದ್ದರಿಂದ ಹೆಚ್ಚು ಕಷ್ಟದ್ದರವರೆಗೆ ಬರೆದು, ಅತಿ ಕಡಿಮೆ ಕಷ್ಟದ್ದರಿಂದ ಆರಂಭಿಸಿ. ಮೊದಲ ವಾರ ಜನ ಸೇರುವ ಮೊದಲೇ ಸಂತೆಗೆ ಹೋಗಿ ತರಕಾರಿ ತರುವುದು. ಅದು ಹಗುರವೆನಿಸಿದ ಮೇಲೆ ಇನ್ನೂ ಒಂದು ಗಂಟೆ ತಡವಾಗಿ, ಗದ್ದಲದ ನಡುವೆ. ಎದೆ ಹೊಡೆದುಕೊಳ್ಳತೊಡಗಿದಾಗ ತಕ್ಷಣ ಮನೆಗೆ ಓಡದೆ, ಒಂದು ಬದಿಗೆ ನಿಂತು ಉಸಿರನ್ನು ನಿಧಾನಗೊಳಿಸಿ, ಭಯ ತಾನಾಗಿ ಇಳಿಯುವವರೆಗೆ ಕಾಯಬೇಕು. ಅಲ್ಲಿ ನಿಮ್ಮ ಕೆಲಸ ಪಕ್ಕದಲ್ಲಿರುವುದಷ್ಟೇ. ಗುಂಡಿನ ಸದ್ದನ್ನು ಹೋಲುವ ಪಟಾಕಿಯನ್ನು ಮಾತ್ರ ನೀವಾಗಿ ಪ್ರಯೋಗಿಸಲು ಹೋಗಬೇಡಿ, ಅದನ್ನು ತಜ್ಞರಿಗೆ ಬಿಡಿ.

ಜಗಳ ಏರುವಾಗ ಬಳಸಲು ಒಂದು ಒಪ್ಪಂದವಿರಲಿ. ಇಬ್ಬರಲ್ಲಿ ಯಾರೇ "ಸಾಕು" ಎಂದರೂ ಮಾತು ನಿಲ್ಲಬೇಕು, ಅವರು ಅಂಗಳಕ್ಕೋ ಬೀದಿಗೋ ಹೋಗಿ ಅರ್ಧ ಗಂಟೆಯೊಳಗೆ ಮರಳಬೇಕು, ಮರಳಿದ ಮೇಲೆ ಅದೇ ವಿಷಯವನ್ನು ಮುಗಿಸಬೇಕು. ಮರಳುವ ಹೊತ್ತು ಗೊತ್ತಿಲ್ಲದಿದ್ದರೆ ಅದು ಮತ್ತೊಂದು ಬಗೆಯ ತಪ್ಪಿಸಿಕೊಳ್ಳುವಿಕೆಯಾಗುತ್ತದೆ. ಮಕ್ಕಳಿಗೆ ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ: ಅಪ್ಪನಿಗೆ ದೊಡ್ಡ ಸದ್ದು ಕೇಳಿದರೆ ಹಳೆಯದು ನೆನಪಾಗುತ್ತದೆ, ಅದು ನಿಮ್ಮ ತಪ್ಪಲ್ಲ, ಡಾಕ್ಟರ್ ನೋಡುತ್ತಿದ್ದಾರೆ. ನಿಮ್ಮ ಸ್ತ್ರೀಶಕ್ತಿ ಸಂಘದ ಸಭೆ, ತವರಿನ ಜಾತ್ರೆ, ಹೊಲಿಗೆ ಕೆಲಸ ಯಾವುದನ್ನೂ ಅವರ ಕಾಯಿಲೆಯ ಹೆಸರಿನಲ್ಲಿ ಬಿಡಬೇಡಿ.

8. ಕಾಗದಪತ್ರ

ಡಿಸ್ಚಾರ್ಜ್ ಪುಸ್ತಕ, ನಿವೃತ್ತಿಯ ವೇಳೆಯ ಮೆಡಿಕಲ್ ಬೋರ್ಡ್ ವರದಿ, ಸೇವೆಯಲ್ಲಿದ್ದಾಗ ಆಸ್ಪತ್ರೆಗೆ ಸೇರಿದ್ದರ ದಾಖಲೆ, ಈಗಿನ ಚಿಕಿತ್ಸೆಯ ಚೀಟಿಗಳು ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು ಪ್ರತಿ ತೆಗೆಸಿಕೊಳ್ಳಿ. ಸೇವೆಗೆ ಸೇರುವಾಗ ದಾಖಲಾಗದಿದ್ದ ಕಾಯಿಲೆಯ ಕಾರಣಕ್ಕೆ ಆಮೇಲೆ ಸೇವೆಯಿಂದ ಬಿಡುಗಡೆಯಾದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸೇನೆಯದು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2023ರಲ್ಲಿ ಅಂಗವೈಕಲ್ಯ ಪೆನ್ಷನ್ನಿನ ನಿಯಮಗಳು ಬದಲಾಗಿರುವುದರಿಂದ ನಿಮ್ಮವರು ಯಾವ ದಿನಾಂಕದಂದು ಬಿಡುಗಡೆಯಾದರು ಎಂಬುದು ಮುಖ್ಯವಾಗುತ್ತದೆ. ಅಂಗವೈಕಲ್ಯ ಪೆನ್ಷನ್ನಿಗೆ ಅರ್ಹತೆ ಇದೆಯೇ ಎಂದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಅರ್ಜಿಯನ್ನು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಕಳುಹಿಸಿ ಸ್ವೀಕೃತಿ ಪತ್ರ ಇಟ್ಟುಕೊಳ್ಳಿ. ತಿರಸ್ಕೃತವಾದರೆ ಮೊದಲು ಇಲಾಖೆಯೊಳಗೇ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದಕ್ಕೂ ದೆಹಲಿಗೆ ಹೋಗಬೇಕಾಗಿಲ್ಲ, ಕರ್ನಾಟಕವು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ.